ಸೆಲ್ವಿ ಕೇಳಿದ ಪ್ರಶ್ನೆ

ಸೆಲ್ವಿ, ಅಂದು ಮಕ್ಕಳ ಗ್ರಾಮಸಭೆಯಲ್ಲಿ ನೀನು ನಿಜವನ್ನೇ ಹೇಳಿದ್ದೆ. ನಾಲ್ಕು ಜನರೆದುರು ನಿನ್ನನ್ನು ಸುಳ್ಳಿಯೆಂದವಳು ನಾನು — ನಿನಗೆ ಸಮಾಜ ವಿಜ್ಞಾನ ಕಲಿಸಿದ ಟೀಚರು. ಇದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟು ಹೇಳಿಲ್ಲ.

ಆಗ ನಾನು ಶಿವಮೊಗ್ಗದ ರವೀಂದ್ರನಗರದಿಂದ ಬಸ್ಸು ಹಿಡಿದು ಭದ್ರಾವತಿಯಾಚೆಯ ನಿಮ್ಮ ಶಾಲೆಗೆ ಬರುತ್ತಿದ್ದೆ. ಪ್ರಜಾಪ್ರಭುತ್ವದ ಪಾಠವೆಂದರೆ ನನ್ನ ದನಿ ಪಕ್ಕದ ತರಗತಿಗೂ ಕೇಳುತ್ತಿತ್ತು. ಮಕ್ಕಳ ಗ್ರಾಮಸಭೆಯೆಂದರೆ ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳನ್ನು ಕೂರಿಸಿಕೊಂಡು ಅವರ ಕುಂದುಕೊರತೆ ಕೇಳುವ ಸಭೆ. ಬೇರೆ ಶಾಲೆಗಳಲ್ಲಿ ಮೇಷ್ಟ್ರುಗಳೇ ಪ್ರಶ್ನೆ ಬರೆದು, ಯಾರಿಗೂ ಮುಜುಗರವಾಗದಂತೆ ಸೋಸಿ, ಉರು ಹೊಡೆಸಿ ಕಳಿಸುತ್ತಿದ್ದರು — ಬೀದಿದೀಪ, ಆಟದ ಮೈದಾನ, ಇಂಥವು. ನಾನು ಹಾಗೆ ಮಾಡುವವಳಲ್ಲ ಎಂಬ ಜಂಬ ನನಗೆ. "ನಿಂಗೇನು ಕೇಳ್ಬೇಕು ಅನ್ಸುತ್ತೋ ಅದನ್ನೇ ಕೇಳು ಮಾರಾಯ್ತಿ, ನಾನಿಲ್ವಾ?" ಎಂದು ನಿನ್ನನ್ನು ಹುರಿದುಂಬಿಸಿದ್ದೆ.

ನೀನು ಕೇಳಿದೆ. ಮನೆಯಲ್ಲಿ ತಮಿಳು ಮಾತಾಡುವ, ಕಾರ್ಖಾನೆ ಕೆಲಸಗಾರನ ಮಗಳು ನೀನು, ಮೈಕ್ ಹಿಡಿದು ಒಂದಿಷ್ಟೂ ತಡವರಿಸಲಿಲ್ಲ.

"ನಮ್ ಶಾಲೇಲಿ ಹುಡ್ಗೀರ ಶೌಚಾಲಯಕ್ಕೆ ಯಾವಾಗ್ಲೂ ಬೀಗ ಹಾಕಿರ್ತಾರೆ. ಆಫೀಸರ್ ಬಂದ್ರೆ ಮಾತ್ರ ತೆಗೀತಾರೆ. ನಾವು ಬೆಳಗ್ಗೆಯಿಂದ ನೀರೇ ಕುಡಿಯಲ್ಲ. ಯಾಕೆ ಸರ್ ಹಿಂಗೆ?"

ಅಧ್ಯಕ್ಷರು ನನ್ನ ಕಡೆ ತಿರುಗಿದರು. "ಹೌದೇನ್ರೀ ಮೇಡಂ?"

ನನ್ನ ಪಕ್ಕದಲ್ಲೇ ಹೆಡ್‌ಮಾಸ್ಟರರು ಕೂತಿದ್ದರು. ಬೀಗದ ಕೈ ಇರುತ್ತಿದ್ದದ್ದು ಅವರ ಮೇಜಿನ ಡ್ರಾಯರಿನಲ್ಲಿ. ಅವರು ಗದರಲಿಲ್ಲ, ಸನ್ನೆ ಮಾಡಲಿಲ್ಲ — ಒಮ್ಮೆ ನನ್ನನ್ನು ನೋಡಿದರು, ಅಷ್ಟೇ. ಅಷ್ಟಕ್ಕೇ ನಾನು —

"ಇಲ್ಲ ಸರ್. ಅವಳಿಗೆ ಸ್ವಲ್ಪ ಸುಳ್ಳು ಹೇಳೋ ಅಭ್ಯಾಸ ಇದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ನೀನು ಮಾತ್ರ ಮೈಕ್ ಹಿಡಿದುಕೊಂಡೇ ನಿಂತಿದ್ದೆ — ನಾನು ಇನ್ನೇನು ಮಾತು ತಿದ್ದಿಕೊಳ್ಳುತ್ತೇನೆಂದು ಕಾಯುತ್ತಿದ್ದೆ ಅನ್ನಿಸುತ್ತದೆ. ಯಾರೋ ಬಂದು ಮೈಕ್ ತೆಗೆದುಕೊಂಡರು. ಸಭೆ ಮುಗಿದ ಮೇಲೆ ಹೊರಗೆ ನೀನು ನನ್ನ ಸೆರಗು ಹಿಡಿದು, "ಕೇಳು ಅಂದಿದ್ದು ನೀವೇ ಅಲ್ವಾ ಮಿಸ್?" ಎಂದೆ. ನಾನು ಬಸ್ಸಿಗೆ ಹೊತ್ತಾಯಿತೆಂದು ಸೆರಗು ಬಿಡಿಸಿಕೊಂಡು ಹೊರಟುಬಿಟ್ಟೆ.

ಮರುದಿನದಿಂದ ನೀನು ತರಗತಿಯಲ್ಲಿ ಕೈ ಎತ್ತಲಿಲ್ಲ. ನನಗೆ — ಹೇಳಲು ನಾಚಿಕೆಯಾಗುತ್ತದೆ — ನಿರಾಳವೇ ಆಯಿತು. ಬೀಗ ಹಾಗೇ ಉಳಿಯಿತು. ಟೀಚರುಗಳಿಗೆ ಬೇರೆ ಶೌಚಾಲಯವಿತ್ತು, ನೋಡು.

ಮೊನ್ನೆ ಶಿವಮೊಗ್ಗದ ಕೋಟೆಯ ಹತ್ತಿರ ಹೂವಿನ ಅಂಗಡಿಯಲ್ಲಿ ನೀನೇ ಗುರುತು ಹಿಡಿದು ಮಾತಾಡಿಸಿದೆ. ಈಗಲೂ ಅದೇ ಊರು, ಮಗಳಿಗೆ ಅದೇ ಶಾಲೆ ಎಂದೆ. ಏನು ಮಾತಾಡಬೇಕೆಂದು ತೋಚದೆ ನಾನು ನಿನ್ನ ಪಕ್ಕದಲ್ಲಿ ನಿಂತಿದ್ದ ಆ ಹುಡುಗಿಯನ್ನು, "ಮಕ್ಕಳ ಗ್ರಾಮಸಭೆಗೆ ಹೋಗ್ತೀಯೇನೇ ಪುಟ್ಟಿ?" ಎಂದು ಕೇಳಿಬಿಟ್ಟೆ. ಎಲ್ಲ ಬಿಟ್ಟು ಅದನ್ನೇ ಕೇಳಬೇಕೇ! ಉತ್ತರ ಕೊಟ್ಟವಳು ನೀನು, ನಗುತ್ತಲೇ.

"ಹೋಗ್ತಾಳೆ ಮಿಸ್. ಅಲ್ಲಿ ಬಾಯಿ ಬಿಡ್ಬೇಡ ಅಂತ ಹೇಳಿದೀನಿ. ದೊಡ್ಡೋರ ಸಭೆಗೆ ನಾನೂ ಹೋಗಲ್ಲ."

ಬೈದಿದ್ದರೂ ಆಗುತ್ತಿತ್ತು, ಸೆಲ್ವಿ. ನೀನು ನನ್ನ ಕೈಗೆ ಒಂದು ಮೊಳ ಮಲ್ಲಿಗೆ ಇಟ್ಟು ಹೊರಟೆ.

ಈ ಸಲದ ಮಕ್ಕಳ ಗ್ರಾಮಸಭೆಗೆ ನಿಮ್ಮ ಪಂಚಾಯಿತಿಯವರು ನನ್ನನ್ನು ಕರೆದಿದ್ದಾರೆ. ನಿವೃತ್ತ ಶಿಕ್ಷಕಿಯೆಂದು ಶಾಲು ಹೊದಿಸುತ್ತಾರಂತೆ. ಹೋಗುತ್ತೇನೆ. ಶಾಲು ಬೇಡವೆಂದು ಹೇಳಿ, ಅಂದು ನಡೆದದ್ದನ್ನು ನಡೆದ ಹಾಗೇ ಆ ಸಭೆಯಲ್ಲಿ ಹೇಳುತ್ತೇನೆ. ಅದರಿಂದ ನಿನಗೆ ಏನೂ ವಾಪಸು ಬರುವುದಿಲ್ಲ, ಗೊತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ನೀನು ಬರಬೇಕೆಂದೂ ಇಲ್ಲ. ಆದರೆ ನಿನ್ನ ಮಗಳು ಅಲ್ಲಿ ಕೂತಿರುತ್ತಾಳೆ. ಬಾಯಿ ಬಿಡಬೇಡವೆಂದು ಅವಳಿಗೆ ಹೇಳಿದ್ದು ನೀನಾದರೂ ಆ ಪಾಠ ಮಾಡಿದವಳು ನಾನೆಂದು ಅವಳಿಗೆ ತಿಳಿಯಬೇಕು.