ಅವ್ವ ಹೊತ್ತ ಹರಕೆ

ಇಳಕಲ್ಲಿನ ನೇಕಾರರ ಓಣಿಯಲ್ಲಿ ಇನ್ನಾಸಪ್ಪನಿಗೆ ಮೀಸೆ ಮೂಡುವ ಮೊದಲೇ ಪಾದ್ರಿಪಟ್ಟ ಕಟ್ಟಿಬಿಟ್ಟಿದ್ದರು. ಕಟ್ಟಿದವಳು ಬೇರೆ ಯಾರೂ ಅಲ್ಲ, ಹೆತ್ತ ತಾಯಿ ಲೂಸವ್ವ. ಪ್ಲೇಗಿನ ವರ್ಷ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅವಳ ಗಂಡ ಸತ್ತ, ದೊಡ್ಡ ಮಗಳು ಸತ್ತಳು, ತೊಟ್ಟಿಲ ಕೂಸಿನ ಮೈಯೂ ಸುಡತೊಡಗಿತು. ಪಕ್ಕದ ಗುಡಿಸಲಿನ ಗುರುಲಿಂಗವ್ವ, "ನಮ್ಮೊಳಗ ಇಂಥಾ ಹೊತ್ತಿನ್ಯಾಗ ಕೂಸನ್ನ ಮಠಕ್ಕ ಬಿಡ್ತೇವಿ ಅಂತ ಬೇಡ್ಕೋತೇವಿ. ನೀನೂ ನಿಮ್ಮ ದೇವರಿಗೆ ಬೇಡ್ಕೋ ಯವ್ವಾ" ಅಂದಳು. ಲೂಸವ್ವ ಕೊರಳ ಶಿಲುಬೆ ಹಿಡಿದು, ಕೂಸು ಉಳಿದರೆ ಪಾದ್ರಿ ಮಾಡುತ್ತೇನೆಂದು ಹರಕೆ ಹೊತ್ತಳು. ಕೂಸು ಉಳಿಯಿತು. ಉಳಿದು ಸಿಕ್ಕಿಬಿತ್ತು ಅನ್ನಿ.

ಮುದಗಲ್ಲಿನಿಂದ ಬಂದು ನೆಲೆಸಿದ ಕ್ರೈಸ್ತ ನೇಕಾರರ ಮನೆಗಳು ಆ ಓಣಿಯಲ್ಲಿ ಬೆರಳೆಣಿಕೆಯಷ್ಟು. ಆದರೆ ಹರಕೆಯ ಮರ್ಯಾದೆ ಯಾವ ಜಾತಿಯವರಿಗೆ ಗೊತ್ತಿಲ್ಲ? ದೇವರಿಗೆ ಬಿಟ್ಟ ಹುಡುಗನನ್ನು ಯಾರೂ ಬೈಯುವಂತಿಲ್ಲ, ಕುಸ್ತಿಗೆ ಎಳೆಯುವಂತಿಲ್ಲ, ಲೇ ಅನ್ನುವಂತಿಲ್ಲ. ನೂಲಿಗೆ ಬಣ್ಣ ಹಾಕುವವರ ಮನೆಯ ಲಾಡಸಾಬ ಅವನ ಓರಗೆಯವನು. ಒಮ್ಮೆ ಆಟದಲ್ಲಿ ಇನ್ನಾಸಪ್ಪನ ಮೇಲೆ ಕೆಸರೆರಚಿ ಅಪ್ಪನ ಕೈಯಲ್ಲಿ ಚೆನ್ನಾಗಿ ಬಡಿಸಿಕೊಂಡ. ಮರುದಿನದಿಂದ ಅವನೂ "ಬರ್ರಿ ಸ್ವಾಮ್ಯಾರ, ಕುಂದರ್ರಿ" ಅನ್ನತೊಡಗಿದ. ಥೂ, ಗೆಳೆಯನೊಬ್ಬ ಬಹುವಚನ ಹಚ್ಚಿ ಮಾತಾಡಿದ ಮೇಲೆ ಗೆಳೆತನದಲ್ಲಿ ಉಳಿದದ್ದೇನು?

ಇವೆಲ್ಲವನ್ನೂ ಇನ್ನಾಸಪ್ಪ ನುಂಗಿಕೊಂಡಾನು. ನುಂಗಲಾಗದ್ದು ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ಸೀರೆ ನೇಯಬೇಕು. ಅವನ ಜೀವವೆಲ್ಲ ಅಲ್ಲೇ ಇತ್ತು. ಆದರೆ ಪೂಜೆಗೆ ನಿಲ್ಲುವ ಕಾಲು ಕುಣಿಗಿಳಿಯಬಾರದೆಂದು ಲೂಸವ್ವನ ಹಟ. ಹೀಗಾಗಿ ಕೆಮ್ಮುತ್ತ ಕೆಮ್ಮುತ್ತ ತಾಯಿ ನೇಯುವಳು. ದುಡಿಯುವ ವಯಸ್ಸಿನ ಮಗ ಕಟ್ಟೆಯ ಮೇಲೆ ಜಪಮಾಲೆ ಹಿಡಿದು ಕೂಡುವನು. ಹಾದು ಹೋಗುವ ಹೆಂಗಸರು ಕೈಮುಗಿದಾಗ ಅವನಿಗೆ ನಾಚಿಕೆಯಿಂದ ನೆಲ ಸೇರುವಂತಾಗುತ್ತಿತ್ತು.

ನಿಜಾಮರ ಸೀಮೆಯ ಮುದಗಲ್ಲಿನಿಂದ ಗೋವೆ ಮೂಲದ ಮುದಿ ಪಾದ್ರಿಯೊಬ್ಬರು ಆಗೊಮ್ಮೆ ಈಗೊಮ್ಮೆ ಕುದುರೆಯೇರಿ ಬರುತ್ತಿದ್ದರು. ಬಂದಾಗಲೆಲ್ಲ ಅದೇ ಪ್ರಶ್ನೆ: "ದೇವರು ನಿನ್ನನ್ನು ಕರೆಯುತ್ತಿದ್ದಾನೆಯೇ?" ಬಾಗಿಲ ಹಿಂದೆ ತಾಯಿ ಉಸಿರು ಬಿಗಿಹಿಡಿದು ನಿಂತಿರುವಾಗ ಏನು ಹೇಳಿಯಾನು? "ಹೂಂ ರೀ" ಅನ್ನುವನು. ಪಾಪ, ಪ್ರಯತ್ನ ಮಾಡಲಿಲ್ಲವೆಂದಲ್ಲ. ಮೊಣಕಾಲೂರಿ, ಕಣ್ಣು ಮುಚ್ಚಿ, ಮನಸ್ಸಿಟ್ಟು ಕಾಯುತ್ತಿದ್ದ. ಕೇಳುತ್ತಿದ್ದದ್ದು ಮಗ್ಗದ ಸಪ್ಪಳ, ನಡುನಡುವೆ ತಾಯಿಯ ಕೆಮ್ಮು. ಬಾಗಿಲು ಕಿಟಕಿಯಿಲ್ಲದ ಕೋಣೆಯಲ್ಲಿ ಕೂಡಿಹಾಕಿದಂತೆ ಅವನಿಗೆ ಅನ್ನಿಸುತ್ತಿತ್ತು.

ಕೊನೆಗೆ ಪಾದ್ರಿಯಾಗುವವರು ಓದುವ ಪಾದ್ರಿಮಠಕ್ಕೆ ಕರೆದೊಯ್ಯುವ ದಿನ ಬಂತು. ಗಂಟು ಕಟ್ಟಿಯಾಗಿತ್ತು. ಪಾದ್ರಿಗಳು ಕಡೆಯ ಸಲ ಕೇಳಿದರು, "ನಿನ್ನ ಸ್ವಂತ ಮನಸ್ಸಿನಿಂದ ಬರುತ್ತಿದ್ದೀಯಲ್ಲವೇ?"

ಹೂಂ ಅನ್ನಲು ಬಾಯಿ ತೆರೆದ. ಹೊರಟದ್ದು ಬೇರೆಯೇ ಮಾತು.

"ಇಲ್ರಿ ಸ್ವಾಮಿ. ನನ್ನನ್ನ ಯಾರೂ ಕರದಿಲ್ಲ. ನಮ್ಮವ್ವ ಬ್ಯಾನಿ ಮಾಡ್ಕೋತಾಳಂತ ಸುಳ್ಳ ಹೇಳಿದ್ನಿರಿ."

ಲೂಸವ್ವ ಒಳಗಿನಿಂದ ಓಡಿಬಂದಳು. "ಏನಂದಿ? ಹುಚ್ಚು ಹಿಡದೈತೇನು ನಿನಗ? ಉಳಿಸಿದಾಂವ ತಿರುಗಿ ಕೇಳಿದ್ರ ನಾ ಏನ್ ಮಾಡ್ಲಿ? ಇಬ್ಬರನ್ನ ಮಣ್ಣು ಮಾಡೇನಿ, ಮೂರನೇದವನನ್ನ ಒಯ್ಯೂದು ನನ್ನಿಂದ ನೋಡಾಕ ಆಗಂಗಿಲ್ಲ!"

ಪಾದ್ರಿಗಳು ಸಮಾಧಾನ ಹೇಳಿದರು. "ತಾಯೀ, ಹರಕೆ ಹೊತ್ತವರು ನೀವು. ಅದು ನಿಮ್ಮನ್ನು ಕಟ್ಟುತ್ತದೆ, ಅವನನ್ನಲ್ಲ. ಬೇಕಾದರೆ ಪ್ರಾರ್ಥನೆ ಮಾಡಿ ಬಿಡಿಸಿಕೊಡುತ್ತೇನೆ."

"ಕೊಟ್ಟದ್ದನ್ನ ಬಿಡಿಸ್ಕೊಳ್ಳಾಕ ಅದೇನು ಗಿರವಿ ಇಟ್ಟೇನೇನ್ರಿ?" ಲೂಸವ್ವ ಕಣ್ಣೊರೆಸಿಕೊಂಡು ಮಗನ ಗಂಟನ್ನು ನೋಡಿದಳು. ಬಿಚ್ಚಿ ಅವನ ಧೋತರಗಳನ್ನು ತೆಗೆದಿಟ್ಟಳು, ತನ್ನ ಸೀರೆಗಳನ್ನು ಹಾಕಿ ಕಟ್ಟಿದಳು. "ಹೊತ್ತಾಕಿ ನಾ ಅಂದ್ರಿ. ಹಂಗಾದ್ರ ನಾನ ಹೋಗ್ತೇನಿ. ಮುದಗಲ್ಲ ದಾಟಿದ್ರ ಕನ್ಯಾಸ್ತ್ರೀಯರ ಮಠ ಐತಲ್ಲರಿ, ಕಸಾ ಹೊಡಕೊಂಡರ ಇರ್ತೇನಿ."

ಯಾರು ಹೇಳಿದರೂ ಕೇಳಲಿಲ್ಲ. ಅಂದೇ ಚಕ್ಕಡಿಯೇರಿ ಹೋದಳು.

ಇನ್ನಾಸಪ್ಪ ಮಗ್ಗದ ಕುಣಿಗಿಳಿದ. ಬಯಸಿದ್ದೆಲ್ಲ ಸಿಕ್ಕಂತಾಯಿತಲ್ಲ ಅನ್ನುತ್ತೀರಾ? ಸುಡುಗಾಡು ಸಿಕ್ಕಿತು! ತಾಯಿ ಅರ್ಧಕ್ಕೆ ಬಿಟ್ಟುಹೋದ ಸೀರೆಯ ಮುಂದೆ ಕೂತರೆ ಎಳೆಯ ಮೇಲೆ ಎಳೆ ಹರಿಯುವುದು. ಸ್ವಾಮ್ಯಾರ ಅನ್ನುತ್ತಿದ್ದ ಓಣಿ ಈಗ ತಾಯಿಯನ್ನು ಮನೆ ಬಿಡಿಸಿದವನೆಂದು ಮುಖ ತಿರುಗಿಸಿತು. ನೀರಿಗೆ ಹೋದರೆ ಅದೇ ಮಾತು, ಸಂತೆಗೆ ಹೋದರೆ ಅದೇ ಮಾತು. ಮೊದಲು ಮಗ್ಗದ ಕಡೆಗಷ್ಟೇ ಬಾಗಿಲು ಮುಚ್ಚಿತ್ತು, ಈಗ ಓಣಿಯ ಕಡೆಗೂ. ಕೆಮ್ಮುವ ಜೀವ ಬೇರೆಯವರ ಅಂಗಳದಲ್ಲಿ ಕಸ ಹೊಡೆಯುತ್ತಿದೆ ಅನ್ನುವುದು ನೆನಪಾದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಹಿಂಗಾರಿ ಬಿತ್ತುವ ಹೊತ್ತಿಗೆ ಸೋತುಹೋದ. ಬೇಡದ ಪಾದ್ರಿತನವನ್ನೇ ಒಪ್ಪಿಕೊಂಡು ತಾಯಿಯನ್ನು ಮನೆಗೆ ತರುವುದೆಂದು ಗಟ್ಟಿ ಮಾಡಿಕೊಂಡ. ದಾರಿಯುದ್ದಕ್ಕೂ ಆ ಒಂದು ಮಾತನ್ನು ಬಾಯಿಪಾಠ ಮಾಡುತ್ತ ನಡೆದ.

ಮಠದ ಬಾವಿಕಟ್ಟೆಯಲ್ಲಿ ಲೂಸವ್ವ ಪೂಜೆಯ ಬಿಳಿ ಬಟ್ಟೆ ಹಿಂಡುತ್ತ, ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ಅವಳು ಹಾಡಿದ್ದನ್ನು ಮಗ ಹುಟ್ಟಿದಂದಿನಿಂದ ಕೇಳಿರಲಿಲ್ಲ. ಮುಖದಲ್ಲಿ ಕಳೆ ಬಂದಿತ್ತು, ಕೆಮ್ಮು ಇಳಿದಿತ್ತು.

"ಅವ್ವಾ, ಮನಿಗೆ ನಡಿ. ನಾ ಪಾದ್ರಿ ಆಗ್ತೇನಿ."

"ಬ್ಯಾಡೋ ಯಪ್ಪಾ." ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡಳು. "ಸಣ್ಣಾಕಿ ಇದ್ದಾಗ ಇಂಥಾ ಮಠಕ್ಕ ಹೋಗ್ತೇನಂತ ಅತ್ತು ಅನ್ನ ಬಿಟ್ಟಿದ್ದೆ. ಹೊಡದು ನಿಮ್ಮಪ್ಪಗ ಕೊಟ್ರು. ಮರತೇನಿ ಅಂತ ತಿಳ್ಕೊಂಡಿದ್ದೆ. ಇಲ್ಲಿಗೆ ಬಂದಮ್ಯಾಲೆ ತಿಳೀತು, ನನ್ನ ಆಸೇನ ನಿನ್ನ ಕೊರಳಿಗೆ ಕಟ್ಟಿದ್ದೆ."

ಇನ್ನಾಸಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಇಷ್ಟ ವರ್ಷ! ಇಷ್ಟ ವರ್ಷ ನನ್ನನ್ನ ಕಟ್ಟೀ ಮ್ಯಾಲ ಕುಂಡ್ರಿಸಿದೆಲ್ಲ ಅವ್ವಾ!" ಬಾಯಿಬಿಟ್ಟು ಅತ್ತ.

"ತಪ್ಪಾತು ಮಗನ. ಬೈ, ಎಷ್ಟ ಬೈತಿ ಬೈ."

ಬೈಯಲಿಲ್ಲ. ಅತ್ತು ಸಾಕಾದ ಮೇಲೆ ಮೂಗೊರೆಸಿಕೊಂಡು ಕೇಳಿದ, "ಮತ್ತ ಈಗ ನಾ ಏನ್ ಮಾಡ್ಲಿ?"

ಹೀಗೆ ಮಾಡು ಅನ್ನುವ ಮಾತು ಲೂಸವ್ವನ ತುಟಿಯವರೆಗೆ ಬಂತು. ಅದನ್ನು ನುಂಗಿಕೊಂಡು ಅಂದಳು, "ಅದನ್ನ ನನ್ನ ಕೇಳಬ್ಯಾಡ."

ಇನ್ನು ತನ್ನ ದಾರಿಯನ್ನು ತಾನೇ ಆರಿಸಬೇಕು. ಅವನಿಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ.