ಕೆರೆಯ ಮೇಲೆ ನಿಂತವರು

ನನ್ನ ತಂದೆಯ ಕೊನೆಯ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಮದುವೆಗೆ ಮೊದಲು ಕುಮಟೆಯಲ್ಲಿ ಸಂಬಂಧಿಕರ ಜವಳಿ ಅಂಗಡಿಯಲ್ಲಿದ್ದ. ರಜೆ ಸಿಕ್ಕಾಗಲೆಲ್ಲ ಗೋಕರ್ಣದ ಬಸ್ಸು ಹತ್ತುತ್ತಿದ್ದ. ಅಲ್ಲಿ ಒಬ್ಬ ವಿದೇಶಿ ಯುವಕ ಉದ್ದನೆಯ ಹಲಗೆ ಹಿಡಿದು ಸಮುದ್ರಕ್ಕಿಳಿಯುವುದನ್ನೂ, ಅಲೆ ಏಳುವ ಹೊತ್ತಿಗೆ ಅದರ ಮೇಲೆ ಎದ್ದು ನಿಂತು ದಡದವರೆಗೆ ಜಾರಿಕೊಂಡು ಬರುವುದನ್ನೂ ನೋಡಿ ಬೆರಗಾದ. ಮರಳಲ್ಲಿ ಕೂತು ಬಂದಾಗಲೆಲ್ಲ ನೋಡುವವನನ್ನು ಕಂಡು ಆ ಯುವಕನೇ ಕೈಬೀಸಿ ಕರೆದನಂತೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದು. ಆದರೂ ಆ ಚಳಿಗಾಲ ಮುಗಿಯುವುದರೊಳಗೆ ಚಿಕ್ಕಪ್ಪ ಅಲೆಯ ಮೇಲೆ ನಿಲ್ಲುವುದನ್ನು ಕಲಿತ. ಅದಕ್ಕೆ ಸರ್ಫಿಂಗ್ ಅನ್ನುತ್ತಾರೆ ಎಂಬುದನ್ನೂ ಕಲಿತ.

ಶಿಕಾರಿಪುರಕ್ಕೆ ಮರಳಿ ನಮ್ಮ ಮನೆಯ ಬಟ್ಟೆ ಅಂಗಡಿಯಲ್ಲಿ ಕೂತ ಮೇಲೆ ಅವನಿಗೆ ಉಳಿದದ್ದು ಆ ಕತೆ ಒಂದೇ. ಸೀರೆ ನೋಡಲು ಬಂದವರೆದುರು ಗಾದಿಯ ಮೇಲೆ ಎದ್ದು ನಿಂತು, ಮೊಣಕಾಲು ಬಗ್ಗಿಸಿ, ಕೈ ಎರಡೂ ಬದಿಗೆ ಚಾಚಿ ತೋರಿಸುತ್ತಿದ್ದ. “ಅಲೆ ಹಿಂದಿನಿಂದ ಎತ್ತತೈತಿ ನೋಡ್ರೀ, ಆಗ ಹೆದರಬಾರ್ದು. ಹೆದರಿದ್ರ ಬಿದ್ದಂಗೇ” ಅನ್ನುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. ಅಪ್ಪ ಮಾತ್ರ ಹುಬ್ಬು ಗಂಟಿಕ್ಕಿ ಬಟ್ಟೆಯ ಥಾನು ಮಡಿಸುತ್ತಿದ್ದರು.

ಚಿಕ್ಕಮ್ಮನ ತವರು ಸೊರಬ ತಾಲ್ಲೂಕಿನ ಒಂದು ಹಳ್ಳಿ, ಗುಡವಿಯಿಂದ ತುಸು ಆಚೆಗೆ. ಗುಡವಿಯ ಕೆರೆ ಪಕ್ಷಿಧಾಮವಾದ್ದರಿಂದ ಅಲ್ಲಿ ಯಾರೂ ನೀರಿಗಿಳಿಯುವಂತಿಲ್ಲ. ಆದರೆ ಇವರ ಊರಿಗೂ ಒಂದು ದೊಡ್ಡ ಕೆರೆಯಿತ್ತು. ಮಳೆಗಾಲ ಕಳೆದು ಕೆರೆ ತುಂಬಿ ನಿಂತಿದ್ದ ಒಂದು ವರ್ಷ ನಾವೆಲ್ಲ ಹಬ್ಬಕ್ಕೆ ಅಲ್ಲಿಗೆ ಹೋಗಿದ್ದೆವು. ನಾನಾಗ ಕಾಲೇಜಿಗೆ ಹೊಸದಾಗಿ ಸೇರಿದ್ದೆ. ಊಟವಾದ ಮೇಲೆ ಜಗಲಿಯಲ್ಲಿ ಚಿಕ್ಕಪ್ಪನ ಕತೆ ಮತ್ತೆ ಶುರುವಾಯಿತು.

ಚಿಕ್ಕಮ್ಮನ ತಮ್ಮ ಕೇಳಿದ: “ಎಷ್ಟು ವರ್ಷ ಬಾಯಲ್ಲೇ ತೋರಿಸ್ತೀರಿ ಭಾವ? ಕೆರೆ ಉಂಟಲ್ಲ, ನಿಂತು ತೋರಿಸಿ ನೋಡುವ.”

“ಕೆರೇಲಿ ಅಲೆ ಎಲ್ಲೈತೋ?”

“ಅಲೆ ಎಂತಕ್ಕೆ? ನಾನು ಬೈಕಲ್ಲಿ ಎಳೀತೇನೆ.”

ಅವನು ತಮಾಷೆಗೆ ಹೇಳಿದ್ದು. ಚಿಕ್ಕಪ್ಪ ಮಾತ್ರ ಆ ಸಂಜೆಯೇ ಬಡಿಗನ ಮನೆಗೆ ಹೋಗಿ ಬೂರುಗದ ಹಗುರ ಹಲಗೆಯೊಂದನ್ನು ಕೆತ್ತಲು ಹೇಳಿ ಬಂದ. ಅದು ತಯಾರಾದ ದಿನ ಕೆರೆ ಏರಿಯ ಮೇಲೆ ಊರೇ ನೆರೆದಿತ್ತು. ಬೈಕಿನ ಹಿಂದೆ ಉದ್ದನೆಯ ಹಗ್ಗ ಕಟ್ಟಿ, ಅದರ ಇನ್ನೊಂದು ತುದಿಯನ್ನು ನೀರಲ್ಲಿದ್ದ ಚಿಕ್ಕಪ್ಪನ ಕೈಗೆ ಕೊಟ್ಟರು. ಬೈಕು ಏರಿಯುದ್ದಕ್ಕೂ ಓಡಿತು. ಚಿಕ್ಕಪ್ಪ ಮೊದಲು ಮುಳುಗಿದ, ಮತ್ತೂ ಮುಳುಗಿದ, ಕೆಮ್ಮುತ್ತ ಎದ್ದ. ಕೊನೆಗೊಮ್ಮೆ ಹಲಗೆಯ ಮೇಲೆ ಮೊಣಕಾಲೂರಿ ಮೆಲ್ಲಗೆ ಎದ್ದು ನಿಂತ. ನೀರನ್ನು ಎರಡು ಪಾಲು ಮಾಡಿಕೊಂಡು ಅವನು ಸಾಗಿಹೋದ ರೀತಿ ನೋಡಿ ಏರಿಯ ಮೇಲಿದ್ದವರೆಲ್ಲ ಹೋ ಎಂದು ಕೂಗಿದರು. ಬಟ್ಟೆ ಅಂಗಡಿಯಲ್ಲಿ ನಾನು ಕಂಡಿದ್ದ ಮನುಷ್ಯ ಇವನಲ್ಲ ಅನ್ನಿಸಿತು.

ಆಮೇಲೆ ಅದು ಅಲ್ಲಿಯ ಆಟವಾಯಿತು. ಹಲಗೆ ಆಟ ಎಂದೇ ಹೆಸರು. ಭಾನುವಾರ ಅಂಗಡಿಗೆ ಬಿಡುವಾದರೆ ಚಿಕ್ಕಪ್ಪ ಸೊರಬದ ಬಸ್ಸಿಗೆ ಓಡುತ್ತಿದ್ದ. ಹಟ ಮಾಡಿ ನಾನೂ ಹೋಗುತ್ತಿದ್ದೆ. ಊರಿನ ಯುವಕರು ತಾವೇ ಹಲಗೆ ಮಾಡಿಸಿಕೊಂಡರು. ಹುಡುಗಿಯಾದ ನಾನೂ ನಿಲ್ಲಲು ಕಲಿತೆ. ಮೊದಲ ಸಲ ನಿಂತಾಗ ಕಾಲಿನ ಕೆಳಗೆ ನೀರು ಗಡಗಡ ನಡುಗುತ್ತಿದ್ದದ್ದು, ಗಾಳಿಗೆ ಕಣ್ಣು ತುಂಬಿದ್ದು, ಏರಿಯಿಂದ ಚಿಕ್ಕಪ್ಪ “ಮುಂದೆ ನೋಡು! ಕಾಲು ನೋಡ್ಬ್ಯಾಡ!” ಎಂದು ಕಿರುಚಿದ್ದು ಈಗಲೂ ಮೈಯಲ್ಲಿದೆ. ನನ್ನನ್ನು ನೋಡಿ ಆ ಊರಿನ ಒಬ್ಬಳು ಹುಡುಗಿ ತನಗೂ ಕಲಿಸಬೇಕೆಂದು ಕೇಳಿದಳು. ತಾಯಿಯನ್ನು ಒಪ್ಪಿಸಿ, ನೀರಿಗಿಳಿಯಲೆಂದೇ ಗಟ್ಟಿ ಬಟ್ಟೆಯ ಚೂಡಿದಾರ ಹೊಲಿಸಿಕೊಂಡಳು.

ಅದೇ ಹೊತ್ತಿಗೆ, ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ನಾನು ಶಿಕಾರಿಪುರದಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದ ಸೆಂಟರಿಗೆ ಇಂಟರ್‌ನೆಟ್ ಬಂತು. ಒಂದು ದಿನ ಚಿಕ್ಕಪ್ಪ ನನ್ನನ್ನು ಕರೆದೊಯ್ಯಲು ಬಂದಿದ್ದ. ಸೆಂಟರಿನ ಯಜಮಾನ ವಿಶ್ವಾಸದಿಂದ ಕೇಳಿದ: “ನೀವೂ ಸರ್ಫಿಂಗ್ ಮಾಡ್ತೀರೇನ್ರೀ?”

ಚಿಕ್ಕಪ್ಪ ತಬ್ಬಿಬ್ಬಾದ. “ನಿಮಗ್ಯಾರು ಹೇಳಿದ್ರೀ?”

“ಹೇಳೋದೇನ್ರೀ, ಇಂಟರ್‌ನೆಟ್ ನೋಡೋದಕ್ಕೇ ಸರ್ಫಿಂಗ್ ಅಂತಾರೆ. ಕುಂತಲ್ಲೇ ಮಾಡೋದು.”

ಚಿಕ್ಕಪ್ಪ ದಾರಿಯುದ್ದಕ್ಕೂ ನಕ್ಕ. “ಕುಂತ್ಕೊಂಡು ಮಾಡೋ ಸರ್ಫಿಂಗ್ ಇವತ್ತೇ ಕೇಳಿದ್ದು ನೋಡು!” ಆದರೆ ಮರುದಿನವೇ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಸಮುದ್ರದ ಸರ್ಫಿಂಗ್ ಚಿತ್ರಗಳನ್ನು ನಾನು ಹುಡುಕಿದೆ. ಚಿತ್ರ ಮೇಲಿನಿಂದ ಗೆರೆಗೆರೆಯಾಗಿ ಇಳಿಯಿತು. ಮೊದಲು ಆಕಾಶ, ಆಮೇಲೆ ನೀರಿನ ನೀಲಿ ಗೋಡೆ, ತೀರಾ ಕೆಳಗೆ ಹಲಗೆಯ ಮೇಲೆ ಇರುವೆಯಷ್ಟು ಮನುಷ್ಯ.

“ಅಯ್ಯಪ್ಪಾ!” ಎಂದ ಚಿಕ್ಕಪ್ಪ. ಮಗುವಿನ ಹಾಗೆ ನನ್ನ ಭುಜ ಅಲುಗಿಸಿದ.

ಆ ಖುಷಿ ಬಹಳ ದಿನ ಬಾಳಲಿಲ್ಲ. ಪ್ರತಿ ಚಿತ್ರದಲ್ಲೂ ಅಲೆ ಇನ್ನಷ್ಟು ದೊಡ್ಡದಾಗುತ್ತ ಹೋಯಿತು. ಅಂಗಡಿಯಲ್ಲಿ ಗಿರಾಕಿಗಳು ಕತೆ ಕೇಳಿದರೆ, “ಅದೇನು ದೊಡ್ಡ ಅಲೆ ಅಲ್ಲ ಬಿಡ್ರೀ” ಅನ್ನತೊಡಗಿದ. ಕೆರೆಗೆ ಬಂದರೂ ತಪ್ಪೇ ಕಾಣುತ್ತಿತ್ತು. ಹಲಗೆಯ ಅಡಿಗೆ ಮೀನಿನ ರೆಕ್ಕೆಯಂಥದ್ದು ಇರಬೇಕು, ತುದಿ ಹೀಗಿರಬಾರದು, ನಿಲ್ಲುವ ರೀತಿಯೇ ಸರಿಯಿಲ್ಲ. ಯುವಕರು ತಲೆ ಕೆರೆದುಕೊಂಡರು. ಚೂಡಿದಾರದ ಹುಡುಗಿ ಮೊದಲ ಬಾರಿ ಎದ್ದು ನಿಂತ ದಿನ ಅವನು ಚಪ್ಪಾಳೆ ಹೊಡೆಯಲಿಲ್ಲ. ಪಾದ ಅಡ್ಡವಾಯಿತು ಎಂದ.

ಆಮೇಲೊಂದು ಮಧ್ಯಾಹ್ನ ಅವನಿಗೆ ಗೋಕರ್ಣದ ಗೆಳೆಯನನ್ನು ಹುಡುಕುವ ಆಸೆಯಾಯಿತು. ಸರ್ಫಿಂಗ್ ಪ್ರಿಯರು ಸೇರಿ ಹರಟುವ ಒಂದು ಚಾಟ್ ರೂಮು ಸಿಕ್ಕಿತು. ಆ ವಿದೇಶಿಯ ಹೆಸರು ಹಾಕಿ, ಚಿಕ್ಕಪ್ಪ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಟೈಪು ಮಾಡುತ್ತಿದ್ದೆ. ಆ ಹೆಸರಿನವರು ಸಾವಿರ ಜನ ಇದ್ದಾರೆ ಎಂದು ಯಾರೋ ಬರೆದರು. ಇನ್ನೊಬ್ಬರು, ನೀವು ಯಾವ ದಡದಲ್ಲಿ ಸರ್ಫ್ ಮಾಡುತ್ತೀರಿ ಎಂದು ಕೇಳಿದರು. ಚಿಕ್ಕಪ್ಪ ಹೆಮ್ಮೆಯಿಂದಲೇ ಹೇಳಿದ: “ಬರಿ, ನಮ್ಮಲ್ಲಿ ಸಮುದ್ರ ಇಲ್ಲ, ಕೆರೆ ಐತಿ, ಬೈಕಿನಿಂದ ಎಳೀತೀವಿ ಅಂತ.”

ಬರೆದೆ. ಆಮೇಲೆ ನಗು ಶುರುವಾಯಿತು. ಒಬ್ಬರು ನಕ್ಕಿದ್ದಕ್ಕೆ ಇನ್ನೊಬ್ಬರು, ಮತ್ತೊಬ್ಬರು. ಪರದೆ ತುಂಬ ಹ ಹ ಹ. ಬೈಕಿಗೆ ಪೆಟ್ರೋಲು ಮುಗಿದರೆ ಹಸು ಕಟ್ಟುತ್ತೀರಾ ಎಂದು ಒಬ್ಬರು ಕೇಳಿದ್ದರು.

“ಏನಂತಾರ?”

“ಏನೋ ತಮಾಷೆ ಚಿಕ್ಕಪ್ಪ.”

“ಹಸು ಅಂತ ಬರೆದಾರಲ್ಲ. ಅಷ್ಟು ಓದಾಕ ಬರತೈತಿ ನನಗ.” ಎದ್ದು ಹೊರಗೆ ಹೋದ.

ಮುಂದಿನ ಭಾನುವಾರ ಅವನು ಸೊರಬಕ್ಕೆ ಹೊರಡಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಚಿಕ್ಕಮ್ಮನ ತಮ್ಮ ಅಂಗಡಿಗೇ ಬಂದ.

“ಎಂತ ಆಯ್ತು ಭಾವ? ಎಲ್ಲ ಕಾದ್ರು ಮಾರಾಯ್ರೇ.”

“ಅದು ಸರ್ಫಿಂಗ್ ಅಲ್ಲೋ. ನೋಡಿದವ್ರು ನಗ್ತಾರ.”

“ಯಾರು ನಗ್ತಾರೆ? ನಮ್ಮೂರಲ್ಲಿ ಯಾರೂ ನಗಲಿಲ್ಲ.”

ಚಿಕ್ಕಪ್ಪ ಥಾನು ಸುತ್ತತೊಡಗಿದ. ಅವನಿಲ್ಲದೆ ಹುಡುಗರು ಕೆಲವು ವಾರ ಆಡಿದರು. ಬೇಸಿಗೆಗೆ ನೀರು ಇಳಿಯಿತು. ಮತ್ತೆ ಕೆರೆ ತುಂಬಿದಾಗ ಹಲಗೆ ಹೊರತೆಗೆಯುವ ಉತ್ಸಾಹ ಯಾರಲ್ಲೂ ಇರಲಿಲ್ಲ. ಚಾಟ್ ರೂಮಿನಲ್ಲಿ ನಕ್ಕವರಿಗೆ ಇದೆಲ್ಲ ಗೊತ್ತಾಗಿರಲಾರದು. ಕುರ್ಚಿಯಿಂದ ಏಳುವಷ್ಟರಲ್ಲಿ ಅವರು ಅದನ್ನು ಮರೆತೂ ಇರಬಹುದು. ಅವರ ಮುಖವನ್ನೇ ಕಾಣದ ನಮಗೆ ಜಗಳವಾಡಲೂ ಯಾರೂ ಸಿಗಲಿಲ್ಲ.

ಮುಂದಿನ ಚಳಿಗಾಲ ಮನೆಯವರೆಲ್ಲ ಗೋಕರ್ಣಕ್ಕೆ ಹೋದೆವು. ದರ್ಶನ ಮುಗಿಸಿ ದಡಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಸೊಂಟದೆತ್ತರದ ಅಲೆಗಳು ಒಂದರ ಹಿಂದೊಂದು ಬರುತ್ತಿದ್ದವು. ದೂರದಲ್ಲಿ ಯಾರೋ ಒಬ್ಬರು ಹಲಗೆ ಹಿಡಿದು ಈಜುತ್ತಿದ್ದರು. ಚಿಕ್ಕಪ್ಪ ಪಂಚೆಯ ಅಂಚು ಹಿಡಿದು ಒಣ ಮರಳಲ್ಲೇ ನಿಂತ.

“ಹೋಗ್ರೀ, ಕೇಳಿ ನೋಡ್ರೀ. ಒಂದ್ಸಲ ಕೊಡ್ತಾರೇನೋ” ಅಂದಳು ಚಿಕ್ಕಮ್ಮ. “ನಾನು ನಿಮ್ಮನ್ನ ಸಮುದ್ರದಲ್ಲಿ ನೋಡೇ ಇಲ್ಲ.”

“ಇವೂ ಒಂದು ಅಲೆನಾ?” ಎಂದ ಚಿಕ್ಕಪ್ಪ.

ಚಿಕ್ಕಮ್ಮ ಸೀರೆಯ ನೆರಿಗೆ ಎತ್ತಿ ಕಟ್ಟಿ, ನನ್ನ ಕೈ ಹಿಡಿದು ನೀರಿಗೆ ನಡೆದಳು. ಮೊದಲ ಅಲೆ ಬಡಿದಾಗ ಇಬ್ಬರೂ ಕಿರುಚಿದೆವು. ನಾನು ತಿರುಗಿ ನೋಡಿದೆ. ಚಿಕ್ಕಪ್ಪ ಬಸ್ಸು ನಿಲ್ಲುವ ಕಡೆಗೆ ಆಗಲೇ ಹೊರಟಿದ್ದ.