ಹೂಂ ಅನ್ನುವ ಮೊದಲು

ಹೂಂ ಅನ್ನುವುದಕ್ಕೆ ಮೊದಲೇ ನಾನು ಅವನ ಜೊತೆ ಒಂದು ಸಂಸಾರ ಮಾಡಿ ನೋಡಿದ್ದೆ, ಲ್ಯಾಪ್‌ಟಾಪಿನಲ್ಲಿ.

ಹುಕ್ಕೇರಿಯಿಂದ ಅವರು ಕಲ್ಲೋಳಿಯ ನಮ್ಮ ಮನೆಗೆ ಕನ್ಯೆ ನೋಡಲು ಬಂದ ದಿನ ಅವ್ವ ನನ್ನ ಸೀರೆ ಮತ್ತೆ ಮತ್ತೆ ಬದಲಿಸಿದಳು. ಅವರು ಬಂದು ಪಡಸಾಲೆಯಲ್ಲಿ ಕೂತ ಮೇಲೂ ಇನ್ನೊಂದು ತಂದಳು. ನನಗೆ ಸಿಟ್ಟು ನೆತ್ತಿಗೇರಿತು. “ನಾ ಏನ್ ಗೊಂಬಿ ಏನ್, ಹೆಂಗ ಬೇಕ ಹಂಗ ಉಡಸಾಕ?” ಎಂದು ಅಡುಗೆಮನೆಯಲ್ಲಿ ಒದರಿದೆ. ಅವ್ವ ನನ್ನ ಬಾಯಿ ಮುಚ್ಚಿದಳು. ಆಮೇಲೆ ತಲೆ ತಗ್ಗಿಸಿ, ಉಪ್ಪಿಟ್ಟಿನ ತಾಟು ಹಿಡಿದು ಹೊರಗೆ ಹೋದೆ.

“ನಮ್ಮ ಹುಡುಗಿ ಭಾಳ ಶಾಂತ್ರಿ. ಎದುರ ಮಾತಾಡಿದಾಕಿ ಅಲ್ಲ,” ಅಂದರು ಅಪ್ಪ.

ಹುಡುಗ ನನ್ನನ್ನು ಸರಿಯಾಗಿ ನೋಡಲೇ ಇಲ್ಲ. ಅವನ ಕಣ್ಣು ಅಡುಗೆಮನೆಯ ಬಾಗಿಲ ಮೇಲಿತ್ತು. ಉಪ್ಪಿಟ್ಟು ಇನ್ನೊಂದು ಸಲ ಬರುತ್ತದೋ ಎಂದು ಕಾಯುತ್ತಿದ್ದಾನೆ, ಹೊಟ್ಟೆಬಾಕ ಎಂದುಕೊಂಡೆ. ಹೋಗುವಾಗ ಮಾತ್ರ ಚಪ್ಪಲಿ ಮೆಟ್ಟುತ್ತ, ತನ್ನಷ್ಟಕ್ಕೆ ಏನೋ ನೆನಪಾದವನಂತೆ ನಕ್ಕ. ಆ ನಗು ನಮ್ಮ ಮನೆಯಲ್ಲೇ ಉಳಿದುಬಿಟ್ಟಿತು. ಮರುದಿನ ಅವರ ಒಪ್ಪಿಗೆ ಬಂತು. ನನ್ನ ಮಾತು ಭಾನುವಾರದೊಳಗೆ ಹೇಳಬೇಕಿತ್ತು.

ಅರಭಾವಿಯ ತೋಟಗಾರಿಕೆ ಕಾಲೇಜಿನ ಓದು ಮುಗಿದು ನಾನು ಮನೆಯಲ್ಲಿದ್ದೆ. ಗೆಳತಿಯೊಬ್ಬಳು ಲ್ಯಾಪ್‌ಟಾಪಿಗೆ ಹಾಕಿಕೊಟ್ಟ ಆಟವೊಂದಿತ್ತು. ಮನುಷ್ಯರನ್ನು ನಾವೇ ಮಾಡಬೇಕು, ಮನೆ ಕಟ್ಟಿಕೊಡಬೇಕು, ಬಾಳಿಸಬೇಕು. ಅವನನ್ನು ಮಾಡಿದೆ, ನನ್ನನ್ನೂ ಮಾಡಿದೆ. ಒಬ್ಬೊಬ್ಬರಿಗೂ ಗುಣಗಳನ್ನು ಆರಿಸಬೇಕಿತ್ತು. ಅವನಿಗೆ ತಿಂಡಿಯ ಆಸೆ ಕೊಟ್ಟೆ. ನನ್ನ ಸರದಿ ಬಂದಾಗ, ಬಾಜೂ ಕೂತಿದ್ದ ಆಯಿ, ಅಂದರೆ ನಮ್ಮ ಅಜ್ಜಿ, “ಶಾಂತ ಅಂತ ಹಾಕು. ಮನಿಗೆಲಸದಾಕಿ ಅಂತ ಹಾಕು,” ಅಂದಳು. ಕನ್ಯೆ ತೋರಿಸಿದ ದಿನದ ಹೊಗಳಿಕೆಯ ಮಾತು ಅವಳ ಬಾಯಲ್ಲಿ ಇನ್ನೂ ಆರಿರಲಿಲ್ಲ. ನಾನೂ ಹಾಗೇ ಹಾಕಿದೆ.

ಆ ವಾರ ಹೇಗೆ ಸರಿಯಿತೋ ಗೊತ್ತಿಲ್ಲ. ಮಧ್ಯಾಹ್ನ ಊರು ಮಲಗಿದಾಗ ಕಿಟಕಿಯ ಹೊರಗೆ ಕಬ್ಬಿನ ಗರಿಗಳ ಸರಸರ, ಪರದೆಯೊಳಗೆ ಆ ಪುಟ್ಟ ಮನೆ. ಅಲ್ಲಿ ಅವರಿಬ್ಬರೂ ನಮಗೆ ತಿಳಿಯದ ಭಾಷೆಯಲ್ಲಿ ಪಿಸುಗುಡುತ್ತಿದ್ದರು. ನೋಡುತ್ತ ನೋಡುತ್ತ ನನಗೆ ಜೊಂಪು ಹತ್ತುತ್ತಿತ್ತು, ಕನಸಿನಲ್ಲಿ ಅದೇ ಅಂಗಳದಲ್ಲಿ ನಡೆಯುತ್ತಿದ್ದೆ. ಎದ್ದಾಗ ಹನಿಯುತ್ತಿರುವ ನಲ್ಲಿ ಯಾವ ಮನೆಯದು ಎಂದು ತಿಳಿಯುತ್ತಿರಲಿಲ್ಲ. ಒಮ್ಮೆ ಗೋಕಾಕದ ಬಸ್ಸಿನಲ್ಲಿ ಕೂತು, ಅಯ್ಯೋ ಹೂವಿಗೆ ನೀರು ಹಾಕಲಿಲ್ಲವಲ್ಲ ಎಂದು ಗಾಬರಿಯಾದೆ. ಅವು ಪರದೆಯ ಹೂವುಗಳಾಗಿದ್ದವು.

ಆಯಿಯ ಚಿಂತೆಯೇ ಬೇರೆ. “ಹೊತ್ತ ಮುಣಗೇತಿ, ಈಗ ಉಣ್ಣಾಕತ್ತಾರಲ್ಲ! ಎಂಥಾ ಜೈನರ ಇವ್ರು?” ನಮ್ಮಲ್ಲಿ ಕತ್ತಲಾದ ಮೇಲೆ ಊಟವಿಲ್ಲ. ಅಂದಿನಿಂದ ಆಟದಲ್ಲಿ ಸಂಜೆಯಾಗಿ ಪರದೆಯ ಬೆಳಕು ಹಳದಿಗೆ ತಿರುಗಿದೊಡನೆ ಇಬ್ಬರನ್ನೂ ಕರೆದು ಉಣ್ಣಲು ಕೂರಿಸುತ್ತಿದ್ದೆ. ಆ ಹಳದಿ ಬೆಳಕಿನಲ್ಲಿ ಅವನು ಅವಳ ಎದುರು ಕೂತು ನಗುತ್ತಿದ್ದ. ನನಗೆ ಅವನು ಬೇಕು ಅನ್ನಿಸಿದ್ದು ಆಗ. ಅದರ ಹಿಂದೆಯೇ ಎದೆಯಲ್ಲಿ ಚುಳ್ ಎಂದಿತು. ಅವನು ನಗುತ್ತಿದ್ದದ್ದು ನನಗಲ್ಲ, ಅಪ್ಪ ವರ್ಣಿಸಿದ ಆ ಶಾಂತ ಹುಡುಗಿಗೆ. ನಾನೇ ಮಾಡಿದ ಗೊಂಬೆಯ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು!

ಶನಿವಾರ ಅವಳ ಶಾಂತಗುಣ ತೆಗೆದು ಸಿಡುಕು ಹಾಕಿದೆ. ಬಾಳಿದರೆ ನನ್ನೊಡನೆ ಬಾಳಲಿ, ನೋಡೇಬಿಡೋಣ ಎಂದು. ತುಸು ಹೊತ್ತಿಗೆ ಅವಳು ಕಸದ ಬುಟ್ಟಿ ಒದ್ದಳು, ಅವನೆದುರು ನಿಂತು ಕೈ ಬೀಸಿ ಕೂಗಿದಳು. ಅವನು ಮೆಲ್ಲಗೆ ಅಂಗಳಕ್ಕೆ ಹೋಗಿ ಮರದ ಕೆಳಗೆ ನಿಂತ. ಬೆಳಕು ಹಳದಿಯಾಯಿತು. ಊಟಕ್ಕೆ ಕರೆದೆ, ಬರಲಿಲ್ಲ. ಮತ್ತೆ ಕರೆದೆ. ಮೇಜಿನ ಮೇಲೆ ತಾಟು ಹಾಗೇ ಇತ್ತು, ಪರದೆಯ ಅಂಗಳದಲ್ಲಿ ಕತ್ತಲಾಯಿತು.

“ಮುಗೀತ್ ತಗೋ,” ಅಂದಳು ಆಯಿ.

ನಾನು ಅತ್ತೆ. ಆಟಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಆಮೇಲೆ ಮೂಗು ಒರೆಸಿಕೊಂಡು, ಮಾಳಿಗೆ ಹತ್ತಿ ಅವನಿಗೆ ಫೋನ್ ಮಾಡಿದೆ. ನಮ್ಮ ಮೊದಲ ಮಾತು ಅದು.

“ನಮ್ಮಪ್ಪ ಹೇಳಿದ್ದು ಖರೆ ಅಲ್ರಿ. ನಾ ಭಾಳ ಸಿಟ್ಟಿನಾಕಿ. ಮದುವ್ಯಾದ ಮ್ಯಾಲ ಗೊತ್ತಾಗೂದು ಬ್ಯಾಡ, ಈಗ ಹೇಳಾಕತ್ತೇನಿ. ಬ್ಯಾಡಂದ್ರ ಬ್ಯಾಡನ್ರಿ.”

ಕಾಲುವೆಯಾಚೆ ಸೂರ್ಯ ಇಳಿಯುತ್ತಿದ್ದ, ಕೆಳಗಿನಿಂದ ಅವ್ವ ಊಟಕ್ಕೆ ಕೂಗುತ್ತಿದ್ದಳು. ಹೋಯಿತು ಎಂದುಕೊಂಡೆ.

“ಗೊತ್ತೈತ್ರಿ,” ಅಂದ ಅವನು.

“ಯಾರ್ ಹೇಳಿದ್ರು?”

“ನೀವ. ಗೊಂಬಿ ಏನ್ ಅಂತ ಒದರಿದ್ದು ಪಡಸಾಲಿತನಕ ಕೇಳಿತ್ರಿ. ನಮ್ಮ ಕಾಕಾ ಅಂಗಿ ಮ್ಯಾಲ ಚಾ ಚೆಲ್ಲಿಕೊಂಡ್ರು.” ನಗು ತಡೆದುಕೊಂಡು ಮುಂದುವರಿಸಿದ. “ಆಮ್ಯಾಲ ನೀವ್ ತಲಿ ತಗ್ಗಿಸಿ ಬಂದ್ರಿ. ಇವ್ರು ಬ್ಯಾರೆ ಯಾರೋ ಅನ್ಕೊಂಡೆ. ಒಳಗ ಒದರಿದಾಕಿ ಯಾವಾಗ ಹೊರಗ ಬರ್ತಾಳಂತ ಬಾಗಲಾ ನೋಡ್ಕೋತ ಕುಂತಿದ್ದೆ.”

“ಬರ್ತೇನಿ, ತಡಿ!” ಎಂದು ಕೆಳಗಿದ್ದ ಅವ್ವನಿಗೆ ಒದರಿದೆ.

“ಹೊರಗ ಬಂದಾಳ್ರಿ,” ಅಂದೆ ಅವನಿಗೆ. “ಏನ್ ಹೇಳೂದೈತಿ, ಹೇಳ್ರಿ.”